ಪೋಪೋ ಆಡುತ್ತಿದ್ದ ಮಾತು

ಬಿಸಿ ಎಣ್ಣೆಯಲ್ಲಿ ಶುಂಠಿಯೊಡನೆ ಬೊಂಡಾಸ್ ಮೀನು ಹುರಿಯುವ ವಾಸನೆ ಜರ್ಮನಿಯ ಕಲೋನ್ ನಗರದ ಯಾವ ಬೀದಿಯಲ್ಲಿ ಮೂಗಿಗೆ ಬಡಿದರೂ ನಾನು ನಿಂತುಬಿಡುತ್ತೇನೆ. ನಿಮಗೂ ಅಂಥದೊಂದು ಅಡುಗೆಮನೆ ಇದ್ದಿರಬೇಕು. ನನ್ನದು ನಾನು ಬೆಳೆದ ಫೊಯರ್‌ಬಾಕ್‌ನಲ್ಲಿತ್ತು, ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ. ಅಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಹಿರಿಯ ಹೆಂಗಸೊಬ್ಬರು ಒಂಟಿಯಾಗಿದ್ದರು. ಕ್ಯಾಂಟನೀಸಿನಲ್ಲಿ ಅಜ್ಜಿಗೆ ಪೋಪೋ ಎನ್ನುತ್ತಾರೆ. ನನಗೂ ಅವರು ಪೋಪೋ. ಉಡುಪಿ ಕಡೆಯ ನನ್ನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ನಾನು ಅವರಲ್ಲೇ ಇರುತ್ತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಅವರ ಮುರುಕು ಜರ್ಮನ್. ಅದು ಸಾಲದಾದಾಗ ಅವರ ಊರಿನ ಬೀದಿಮಾತು. ಹರಟೆ ಹೊಡೆದರೆ ‘ನೀರು ಊದುವುದು’. ಬರುತ್ತೇನೆಂದು ಹೇಳಿ ಬಾರದೆ ಕಾಯಿಸಿದರೆ ‘ವಿಮಾನ ಹಾರಿಸುವುದು’. ಹ್ಯಾಂಬರ್ಗಿನಲ್ಲಿದ್ದ ಅವರ ಮಗ ಎಷ್ಟೋ ಭಾನುವಾರ ವಿಮಾನ ಹಾರಿಸಿದ; ಅವನಿಗೆಂದು ಬಡಿಸಿದ್ದನ್ನು ನಾನು ತಿಂದೆ.

ಅಪ್ಪನ ಕೆಲಸ ಹೋದಾಗ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಪೋಪೋ ಮಾತ್ರ ಬಾಣಲೆಯಲ್ಲಿ ಬೊಂಡಾಸ್ ಸುರುಟಿಕೊಳ್ಳುವುದನ್ನು ನನಗೆ ತೋರಿಸಿದರು. ಕೆಲಸ ಕಳೆದುಕೊಂಡವನು ಹಾಸಿಗೆಯನ್ನು ಹೀಗೇ ಸುತ್ತಿಕೊಂಡು ಹೊರಡಬೇಕಲ್ಲ, ಅದಕ್ಕೇ ನಮ್ಮಲ್ಲಿ ಅವನನ್ನು ‘ಬೊಂಡಾಸ್ ಹುರಿದರು’ ಅನ್ನುತ್ತೇವೆ ಎಂದರು. ನಾನು ಮೇಲೆ ಓಡಿಹೋಗಿ, “ಅಪ್ಪಾ, ನಿಮ್ಮನ್ನು ಬೊಂಡಾಸ್ ಹುರಿದ್ರಂತೆ, ಹೌದಾ?” ಎಂದು ಕೇಳಿ, ಪೋಪೋ ಹೇಳಿದ್ದನ್ನೆಲ್ಲ ಒಪ್ಪಿಸಿದೆ.

“ಎಂಥ ಮಾತಾಡ್ತಿ ನೀನು!” ಅಮ್ಮ ಗದರಿದರು.

ಅಪ್ಪ ನಗತೊಡಗಿದರು. “ಹೌದು ಮಾರಾಯ್ತಿ, ಚಂದ ಮಾಡಿ ಹುರಿದಿದ್ದಾರೆ.” ಆ ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಅಮ್ಮ ಅವರ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕುಳಿತರು. ಅಂದಿನಿಂದ ನಮ್ಮ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು.

ಅದೇ ಬೇಸಿಗೆಯಲ್ಲಿ ಅಪ್ಪನಿಗೆ ವಾಲ್‌ಡಾರ್ಫಿನಲ್ಲಿ ಕೆಲಸ ಸಿಕ್ಕಿ ನಾವು ಹೊರಟೆವು. ಮೆಟ್ಟಿಲ ಮೇಲೆ ನಿಂತ ಪೋಪೋ “ಗಾ ಯಾವ್!” ಎಂದು ಕೂಗಿದರು. ಎಣ್ಣೆ ಹಾಕು ಎಂದು ಅದರ ಅರ್ಥ. ಧೈರ್ಯವಾಗಿರು ಎನ್ನುವುದಕ್ಕೆ ಅವರು ಹಾಗೆನ್ನುತ್ತಾರೆ.

ಕಳೆದ ವರ್ಷ ಅವರನ್ನು ಒಂದು ವೃದ್ಧಾಶ್ರಮದಲ್ಲಿ ನೋಡಿದೆ. ಮರೆವಿನ ಕಾಯಿಲೆ ಅವರ ಜರ್ಮನ್ ಅನ್ನು ಪೂರ್ತಿ ಕಿತ್ತುಕೊಂಡಿತ್ತು. “ಈಗ ಅವರ ಮಾತು ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ,” ಎಂದಳು ನರ್ಸ್. ನಾನು “ಪೋಪೋ” ಎಂದು ಕರೆದೆ. ಅವರು ತಿರುಗಿ ನೋಡಿ ನನ್ನ ಕೈ ಹಿಡಿದು ಮಾತಾಡತೊಡಗಿದರು. ನಡುವೆ ನಕ್ಕರು, ನಡುವೆ ದನಿ ತಗ್ಗಿಸಿದರು. ನನಗೆ ಬರುತ್ತಿದ್ದ ಹಿಡಿಯಷ್ಟು ಬೀದಿಮಾತಿಗಾಗಿ ಕಿವಿಗೊಟ್ಟು ಕಾದೆ, ಒಂದೂ ಬರಲಿಲ್ಲ. ಕೊನೆಗೆ ಏನನ್ನೋ ಕೇಳಿ, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕುಳಿತರು. ನಾನು ಹೂಂ ಎಂದು ತಲೆಯಾಡಿಸಿದೆ. ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು.

ಆ ಚಳಿಗಾಲದಲ್ಲಿ ಪೋಪೋ ತೀರಿಕೊಂಡರು. ಯಾವುದಕ್ಕೆ ಹೂಂ ಎಂದೆನೋ, ಕೇಳೋಣವೆಂದರೆ ಯಾರೂ ಇಲ್ಲ.