ಮೂಲ: ಮೌಲಾಸಾಬ, ಮಣ್ಣೂರ

ಸ್ನೇಹಿತರೇ, ಇವತ್ತು ಅಫಜಲಪುರ ಬಸ್ ನಿಲ್ದಾಣದಲ್ಲಿ ನಿಂತು ಒಂದು ಸುಳ್ಳನ್ನು ಗಟ್ಟಿಯಾಗಿ ಓದಿದೆ.

ವಿಶ್ವವಿದ್ಯಾಲಯದ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಲು ನಾನೊಂದು ಆನ್‌ಲೈನ್ ಕೋರ್ಸ್ ರೂಪಿಸಿದ್ದೇನೆ; ಅಂಕವನ್ನೂ ಅದೇ ಕೊಡುತ್ತದೆ. ಅದರಲ್ಲಿ ಪೂರ್ತಿ ಅಂಕ ಪಡೆದ ಶಬಾನಾ, ದೋಣಿ ನಡೆಸುವ ತನ್ನ ಅಬ್ಬಾ ಮೌಲಾಸಾಬರ ಜೊತೆ ಮಣ್ಣೂರಿನ ಬಸ್ಸಿಗೆ ಕಾಯುತ್ತಿದ್ದಳು. ಭೀಮೆಗೆ ಪ್ರವಾಹ ಬರುವ ಮುನ್ಸೂಚನೆಗಳ ಕುರಿತ ಪ್ರಬಂಧ ಅವಳದು.

"ನೀರಿನ ಬಣ್ಣ, ನೊರಿ, ಎಲ್ಲಾ ನಾನೇ ಹೇಳಿದ್ದು ನೋಡ್ರಿ ಸರ್. ಕಡೀಕ ನನ್ನ ಹೆಸರು ಹಾಕ್ಯಾಳಂತ. ಚಷ್ಮಾ ಮನ್ಯಾಗೇ ಉಳದದ, ನೀವೇ ಓದ್ರಿ," ಎಂದರು ಅವರು.

ಮೊಬೈಲಿನಲ್ಲಿ ಪ್ರಬಂಧ ತೆರೆದೆ. ಕೊನೆಯಲ್ಲಿ 'ಮೂಲ' ಎಂಬಲ್ಲಿ ಯಾವುದೋ ವೆಬ್‌ಸೈಟಿನ ಹೆಸರಿತ್ತು. ಶಬಾನಾ ತಲೆ ತಗ್ಗಿಸಿದಳು.

"ಮೂಲ: ಮೌಲಾಸಾಬ, ಮಣ್ಣೂರ," ಎಂದು ಓದಿದೆ.

ಮೌಲಾಸಾಬ ಚಾಚಾ ಖುಷಿಯಿಂದ ಟೋಪಿ ಸರಿಮಾಡಿಕೊಂಡು ಬಸ್ ನೋಡಲು ಹೋದರು.

"ಮೊದಲು ಅಬ್ಬಾನ ಹೆಸರೇ ಹಾಕಿದ್ನ್ರಿ ಸರ್. ನಿಮ್ಮ ಕೋರ್ಸ್ ಅದನ್ನ ತೊಗೊಳ್ಳಲಿಲ್ಲ. ಮೂಲಕ್ಕ ಪುಸ್ತಕ, ಪತ್ರಿಕಿ, ವೆಬ್‌ಸೈಟ್, ಮೂರೇ ಆಯ್ಕೆ ಇದ್ದವ್ರಿ. ಯಾವುದೋ ವೆಬ್‌ಸೈಟ್ ಹುಡುಕಿ ಹಾಕಿದೆ, ಪೂರಾ ಮಾರ್ಕ್ಸ್ ಬಂತು," ಎಂದಳು.

"ನನಗ ಕೇಳಬೇಕಿತ್ತಲ್ಲವ್ವ?"

"ಮೆಸೇಜ್ ಮಾಡಿದ್ನ್ರಿ. 'ಪಾಠವನ್ನು ಇನ್ನೊಮ್ಮೆ ನೋಡಿ' ಅಂತ ಉತ್ತರ ಬಂತ್ರಿ."

ಯಾರು ಏನು ಕೇಳಿದರೂ ಅದೇ ಉತ್ತರ ಹೋಗುವಂತೆ ಹೊಂದಿಸಿಟ್ಟವನು ನಾನೇ.

ಮನೆಗೆ ಬಂದು 'ವ್ಯಕ್ತಿ' ಎಂಬ ನಾಲ್ಕನೆಯ ಆಯ್ಕೆ ಸೇರಿಸಿದೆ. ಅಂಕ ಬಂದಿರುವ ಅವಳ ಪ್ರಬಂಧವನ್ನು ಮಾತ್ರ ಇನ್ನು ತಿದ್ದಲು ಬರುವುದಿಲ್ಲ.

ಪಾಠವನ್ನೂ ಅವಳು ಇನ್ನೊಮ್ಮೆ ನೋಡಿದ್ದಳಂತೆ. ಅದರ ಹೆಸರು 'ಬರವಣಿಗೆಯಲ್ಲಿ ಪ್ರಾಮಾಣಿಕತೆ'.