ಹಗೇವು ಕಂಡವರು

ಅವರ ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ಯಾರ ಕಣಕ್ಕೆ ಹೋದರೂ ನಾಲ್ಕು ಕಾಳು ಜೋಳ ಬಾಯಿಗೆ ಹಾಕಿ ಕಟ್ಟನೆ ಕಡಿದು, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಯಾವಾಗಲೋ ಕಾಳಿನ ಜೊತೆ ಬಂದ ಹರಳೊಂದು ಆ ಹಲ್ಲನ್ನು ಬಲಿ ತೆಗೆದುಕೊಂಡಿತ್ತು. ತಲೆಯ ಮೇಲೆ ಸರ್ಕಾರಿ ಟೋಪಿ ಇದ್ದರೂ ನಕ್ಕಾಗ ಅವರು ಅಧಿಕಾರಿಯಂತೆ ಕಾಣುತ್ತಲೇ ಇರಲಿಲ್ಲ.

ನಾವು ಅವರನ್ನು ಒಕ್ಕಲುತನದ ಸಾಹೇಬರು ಎನ್ನುತ್ತಿದ್ದೆವು. ನಿಜಾಮರ ಕಾಲ, ಹೊರಗೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ರಾಯಚೂರಿನ ಸರ್ಕಾರಿ ಬೇಸಾಯದ ಫಾರ್ಮಿನಿಂದ ಸೈಕಲ್ ತುಳಿಯುತ್ತ ಕಲ್ಲೂರಿಗೆ ಬರುತ್ತಿದ್ದರು. ಮಳೆಯಾದರೆ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲೇ ಅವರ ಹೆಗಲೇರಿ ಬರುತ್ತಿತ್ತು. ಬಿತ್ತುವ ಜೋಳಕ್ಕೆ ಗಂಧಕದ ಪುಡಿ ಹಚ್ಚಿದರೆ ತೆನೆಗೆ ಕಾಡಿಗೆ ರೋಗ ಬಂದು ಕಪ್ಪಾಗುವುದಿಲ್ಲ, ಇಳಿಜಾರಿಗೆ ಅಡ್ಡ ಒಡ್ಡು ಹಾಕಿದರೆ ಮಳೆನೀರು ಹೊಲದಲ್ಲೇ ನಿಲ್ಲುತ್ತದೆ ಎಂದು ಮನೆಮನೆಗೆ ಹೇಳುವುದು ಅವರ ಕೆಲಸ. ಗಂಧಕ ಹಾಕಿದರೆ ತೆನೆ ಪಟಾಕಿಯಾದೀತು ಎಂದು ಊರಿನವರು ಹಾಸ್ಯ ಮಾಡಿದರು. ಅವರು ಬೇಸರಪಡಲಿಲ್ಲ. "ನನ್ನ ಮಾತು ಬಿಡ್ರಿ, ನಿಮ್ಮ ನೆಲಾನ ಕೇಳ್ರಿ" ಎನ್ನುತ್ತಿದ್ದರು.

ಕೇಳಿದವರು ನಮ್ಮ ಅತ್ತೆ. ಗಂಡ ಸತ್ತ ಮೇಲೆ ಒಕ್ಕಲುತನವನ್ನು ಅವರೇ ನಡೆಸುತ್ತಿದ್ದರು. ಬಿಸಿಲಲ್ಲಿ ಸಾಹೇಬರು ತಾವೇ ಸಲಿಕೆ ಹಿಡಿದು ನಮ್ಮ ಹೊಲದ ಮೊದಲ ಒಡ್ಡಿಗೆ ಮಣ್ಣು ಹಾಕಿದರು. ಆ ಹಿಂಗಾರಿಯಲ್ಲಿ ಪಕ್ಕದ ಹೊಲದ ಬೆಳೆ ಬಾಡಿದರೂ ನಮ್ಮದು ಆಳೆತ್ತರ ನಿಂತಿತು. ಅಂದಿನಿಂದ ಅತ್ತೆಗೆ ಅವರು ಸಾಹೇಬರಾಗಿ ಉಳಿಯಲಿಲ್ಲ, ಮಗನಾದರು. "ಬಾರೋ ಯಪ್ಪಾ, ಮೊದಲು ಉಣ್ಣು" ಎಂದು ಕರೆಯುತ್ತಿದ್ದರು. ನನ್ನ ಗಂಡನಿಗಿಂತ ಮೊದಲು ಅವರ ತಾಟಿಗೆ ರೊಟ್ಟಿ ಬೀಳುತ್ತಿತ್ತು.

ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿಡುತ್ತಾರೆ. ನೆಲದೊಳಗೆ ಗಡಿಗೆಯ ಆಕಾರದಲ್ಲಿ ಕುಣಿ ತೋಡಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಸಾರಿಸುತ್ತಾರೆ. ಅದು ಎಲ್ಲಿದೆ ಎಂಬುದು ಮನೆಯ ಗುಟ್ಟು. ಸೊಸೆಗೂ ಒಂದು ಹೆರಿಗೆಯಾಗುವ ತನಕ ತೋರಿಸುತ್ತಿರಲಿಲ್ಲ. ನನಗಿನ್ನೂ ಮಕ್ಕಳಾಗಿರಲಿಲ್ಲ, ಹಾಗಾಗಿ ನಾನು ಅದನ್ನು ಕಂಡಿರಲಿಲ್ಲ. ತಳದ ಜೋಳಕ್ಕೆ ಥಂಡಿ ಹತ್ತಿದೆ ಎಂದು ಅತ್ತೆ ಸಾಹೇಬರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ದನಗಳು ಮೇವು ತಿನ್ನುವ ಗ್ವಾದಲಿಯ ಕೆಳಗಿನ ಕಲ್ಲು ಸರಿಸಿ ತೋರಿಸಿದರು. ನಾನು ಹೊರಗೆ ನಿಂತಿದ್ದೆ. ನನಗೆ ಉರಿಯಿತು, ಸುಳ್ಳೇಕೆ ಹೇಳಲಿ.

ಆ ವರ್ಷ ಸರ್ಕಾರ ಯುದ್ಧದ ಲೇವಿ ಎಂದು ಮನೆಮನೆಯ ಜೋಳ ಎತ್ತುವುದಕ್ಕೆ ಹೊರಟಿತು. ಹೆದರಿಕೆಗೆ ಅತ್ತೆ ಬೀಜದ ಗಡಿಗೆಗಳನ್ನೂ ಹಗೇವಿಗೆ ಇಳಿಸಿದರು. ಅವರು ಮದುವೆಯಾಗಿ ಬರುವಾಗ ದೇವದುರ್ಗದ ಕಡೆಯ ಅರಕೇರಾದಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದ ಜೋಳದ ತಳಿ ಅದು. ತವರಿನಲ್ಲಿ ಅದನ್ನು ಬಿತ್ತುವವರು ಯಾರೂ ಉಳಿದಿರಲಿಲ್ಲ. ಸಾಹೇಬರನ್ನು ಕೇಳಿದ್ದಕ್ಕೆ, "ಬೀಜಕ್ಕ ಯಾರೂ ಕೈ ಹಚ್ಚಂಗಿಲ್ಲ ಯವ್ವಾ, ನಾ ಅದೀನಿ" ಎಂದಿದ್ದರು.

ಲೇವಿ ಎತ್ತಲು ಕಂದಾಯದ ಗಿರ್ದಾವರ ಜವಾನರನ್ನು ಕಟ್ಟಿಕೊಂಡು ಬಂದ. ಬೇರೆ ಮನೆಗಳಲ್ಲಿ ಹಾರೆಯಿಂದ ನೆಲ ಚುಚ್ಚಿ ಚುಚ್ಚಿ ಹುಡುಕಿದವರು, ನಮ್ಮಲ್ಲಿ ನೇರ ಕೊಟ್ಟಿಗೆಗೆ ಹೋಗಿ ಗ್ವಾದಲಿ ಕಿತ್ತರು. ಅವರ ಹಿಂದೆ, ಅಂಗಳದಲ್ಲಿ, ಒಕ್ಕಲುತನದ ಸಾಹೇಬರು ಸೈಕಲ್ ಹಿಡಿದುಕೊಂಡು ನಿಂತಿದ್ದರು. ಕಲ್ಲು ಎತ್ತಿದೊಡನೆ ಜವಾನನೊಬ್ಬ ಒಳಗಿಳಿಯಲು ಹೋದ. ಅತ್ತೆ ಅವನ ರಟ್ಟೆ ಹಿಡಿದು ಎಳೆದರು. "ತಡಿಯೋ, ಕೆಟ್ಟ ಗಾಳಿ ಹೋಗಲಿ. ಸಾಯ್ತೀ" ಎಂದು ತಾವೇ ದೀಪ ಇಳಿಸಿ, ಅದು ಆರಲಿಲ್ಲ ಎಂದು ನೋಡಿದ ಮೇಲೆ ಬಿಟ್ಟರು. ಜೋಳ ಹೋಯಿತು. ಬೀಜದ ಗಡಿಗೆಗಳನ್ನೂ ಅದೇ ಚೀಲಗಳಿಗೆ ಸುರಿದರು.

ಅತ್ತೆ ಅಂಗಳಕ್ಕೆ ಬಂದು ಸಾಹೇಬರ ಮುಖವನ್ನೇ ನೋಡುತ್ತ ನಿಂತರು. ಗಿರ್ದಾವರರು ಬೀಜ ಬಿಡುತ್ತೇವೆ ಅಂದಿದ್ದರು, ಅದಕ್ಕೇ ಜಾಗ ಹೇಳಿದೆ, ನೌಕರಿ ಪ್ರಶ್ನೆ, ಎಂದು ಅವರು ತಡವರಿಸಿದರು. ಅತ್ತೆ ಬೈಯಲಿಲ್ಲ. "ಹೋಗಿ ಬರ್ರಿ ಸಾಹೇಬ್ರ" ಎಂದರು. ಮಗನಾದ ಮೇಲೆ ಅತ್ತೆಯ ಬಾಯಿಂದ ಎಂದೂ ಬಹುವಚನ ಕೇಳದ ಮನುಷ್ಯ ಅದನ್ನು ಕೇಳಿ ಹೊಡೆತ ಬಿದ್ದವರಂತೆ ತಲೆ ತಗ್ಗಿಸಿದರು.

ಆ ವರ್ಷ ಬಾಗಲವಾಡದ ಬೀಗರಿಂದ ಬೀಜ ತಂದು ಬಿತ್ತಿದೆವು. ಸಾಹೇಬರು ಕಟ್ಟಿದ ಒಡ್ಡು ಗಟ್ಟಿಯಾಗಿತ್ತು, ಗಂಧಕ ಹಚ್ಚುವುದನ್ನೂ ನಾವು ಬಿಡಲಿಲ್ಲ. ನನ್ನ ಮಕ್ಕಳು ಹಸಿವು ಕಾಣದೆ ಬೆಳೆದದ್ದು ಅವರ ವಿದ್ಯೆಯಿಂದ. ಆ ಋಣವನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಉಂಡ ಮನೆಗೆ ಎರಡು ಬಗೆದರು, ಅದನ್ನೂ ಇಲ್ಲ ಎನ್ನುವುದಿಲ್ಲ. ಕೆಲ ವರ್ಷಗಳ ಮೇಲೆ ಅವರು ರಾಯಚೂರಿನಲ್ಲಿ ತೀರಿಕೊಂಡರು ಎಂದು ಮಾನ್ವಿ ಸಂತೆಗೆ ಹೋದವರು ಹೇಳಿದರು. ಅದಕ್ಕೆ ಮೊದಲು ಒಮ್ಮೆ ನಮ್ಮ ಮನೆಗೆ ಬಂದಿದ್ದರು.

ತಲೆಗೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಟವೆಲಿನ ಸಣ್ಣ ಗಂಟು. ದೇವದುರ್ಗದ ಹಳ್ಳಿಹಳ್ಳಿ ತಿರುಗಿ, ಅತ್ತೆಯ ತವರಿನ ಅದೇ ಜೋಳವನ್ನು ಒಬ್ಬ ಮುದುಕನ ಮನೆಯಲ್ಲಿ ಪತ್ತೆ ಹಚ್ಚಿ ತಂದಿದ್ದರು. ಅತ್ತೆ ಗಂಟು ಬಿಚ್ಚಿ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದರು. ಅದೇ ಜೋಳ. ನನಗೆ ಜೀವ ಬಂದಂತಾಯಿತು, ಬಿತ್ತಲು ಮೂಲೆಯ ಹೊಲವನ್ನೂ ಮನಸ್ಸಿನಲ್ಲೇ ಗೊತ್ತು ಮಾಡಿದೆ.

ಅತ್ತೆ ಎದ್ದು ಬೀಸುವ ಕಲ್ಲಿನ ಮುಂದೆ ಕೂತರು. ಬೇಡವೆಂದು ನಾನು ಕೈ ಹಿಡಿದರೆ ಕೊಡವಿದರು. ಗಂಟಿನಲ್ಲಿದ್ದುದನ್ನೆಲ್ಲ ಬೀಸಿ, ಒಲೆ ಹಚ್ಚಿ, ತಾವೇ ರೊಟ್ಟಿ ಬಡಿದು ಅವರ ಮುಂದೆ ತಾಟು ಇಟ್ಟರು.

"ಬಿತ್ತಾಕ ತಂದಿದ್ದೆ ಯವ್ವಾ" ಎಂದರು ಅವರು.

"ನೀವು ಹಸದು ಬಂದೀರಿ. ಉಣ್ರಿ ಸಾಹೇಬ್ರ."

ಅವರು ಉಂಡರು. ಅತ್ತೆ ಎದುರಿಗೆ ಕೂತು, ಒಂದು ರೊಟ್ಟಿ ಮುಗಿದ ಹಾಗೆ ಇನ್ನೊಂದನ್ನು ಹಾಕುತ್ತ, ಹಿಟ್ಟು ತೀರುವ ತನಕ ಬಡಿಸಿದರು.