ಸೋಮವಾರದ ಮೀನು

ಗೆಳೆಯರೇ, ಇವತ್ತು ವಾಡಿ ಜಂಕ್ಷನ್ನಿನಲ್ಲಿ ನನ್ನ ಇಡೀ ವರ್ಷದ ಕೆಲಸ ಮಣ್ಣುಪಾಲಾಗುವುದರಲ್ಲಿತ್ತು.

ಹೈದರಾಬಾದಿನ ಲ್ಯಾಬಿನಿಂದ ಕಲಬುರಗಿಗೆ ಒಯ್ಯುತ್ತಿದ್ದ ಡಬ್ಬಿಯಲ್ಲಿ ಒಂದು ಸೀಸೆ. ಅದರೊಳಗೆ ಮೀನಿನ ಕಿವಿರಿನಿಂದ ತೆಗೆದು ಬೆಳೆಸಿದ ಜೀವಕೋಶಗಳು. ಮುಚ್ಚಳ ತೆರೆದರೆ ಗಾಳಿಯ ಬೂಷ್ಟು ಕೂತು ಎಲ್ಲ ಹಾಳು. ಹಣೆ ತುಂಬ ವಿಭೂತಿ ಧರಿಸಿದ್ದ ಪೊಲೀಸರೊಬ್ಬರು ಪ್ಲಾಟ್‌ಫಾರ್ಮಿನಲ್ಲಿ ತಡೆದರು.

"ಏನದರಿ ಇದ್ರಾಗ?"

"ಸೆಲ್ ಅದಾವ್ರೀ."

"ಸೆಲ್ಲಂದ್ರ ಬ್ಯಾಟರೀನಾ? ತಗೀರಿ ಮುಚ್ಚಳ!"

"ಬ್ಯಾಟರಿ ಅಲ್ರೀ, ಜೀವ ಅದ ಅವಕ್ಕ. ವೈರಸ್ ಬಂದ್ರ ಹ್ಯಾಂಗ ತಡೀತಾವ ಅಂತ ನೋಡಾಕತ್ತೀವಿ."

ವೈರಸ್ ಎಂದದ್ದೇ ತಪ್ಪಾಯಿತು. ಬೆಂಚಿನಲ್ಲಿದ್ದವರೆಲ್ಲ ಎದ್ದು ದೂರ ಸರಿದರು. "ಇದ್ರಾಗ ವೈರಸ್ ಇಲ್ರೀ" ಎಂದು ಕೂಗಿದೆ, ಯಾರೂ ಕೇಳಲಿಲ್ಲ. ಅತ್ತ ಕಲಬುರಗಿ ಗಾಡಿ ಸೀಟಿ ಹೊಡೆಯಿತು. ಇತ್ತ ಪೊಲೀಸರು ಡಬ್ಬಿಯೊಳಗೆ ಕೈಹಾಕಿ ಸೀಸೆಯ ಮುಚ್ಚಳ ಹಿಡಿದೇಬಿಟ್ಟರು.

"ಸಾಹೇಬ್ರ, ಕೈ ಹಚ್ಚಬ್ಯಾಡ್ರಿ! ಅದು ಮೀನಿಂದು!" ಎಂದು ಚೀರಿದೆ.

ದೂರ ನಿಂತಿದ್ದ ಮುದುಕಿಯೊಬ್ಬಳು ನನಗಿಂತ ಜೋರಾಗಿ ಚೀರಿದಳು: "ಯಪ್ಪಾ, ಶ್ರಾವಣ ಸೋಮಾರ ಅದ! ವಿಭೂತಿ ಹಚ್ಚಿಕೊಂಡು ಮೀನ ಮುಟ್ಟತೀ?"

ಕಾದ ಹಂಚು ಮುಟ್ಟಿದವರಂತೆ ಅವರು ಕೈ ಹಿಂದೆಳೆದುಕೊಂಡರು.

"ಮದ್ಲ ಹೇಳಬಾರದೇನ್ರಿ ಮೇಡಂ? ಹೋಗ್ರಿ, ಹೋಗ್ರಿ!" ಎನ್ನುತ್ತ ನಲ್ಲಿಯ ಕಡೆ ಓಡಿದರು.

ನಾನು ಗಾಡಿಯ ಕಡೆ ಓಡಿದೆ.

ಮೀನಿನ ಜೀವಕೋಶ ವೈರಸ್ಸನ್ನು ಹೇಗೆ ತಡೆಯುತ್ತದೆಂದು ನಾವಿನ್ನೂ ಹುಡುಕುತ್ತಿದ್ದೇವೆ. ಪೊಲೀಸರನ್ನು ಹೇಗೆ ತಡೆಯುತ್ತದೆಂಬುದು ಇವತ್ತು ಗೊತ್ತಾಯಿತು.